ಎಮ್ಮೆ ತಿರುಗದ ಶೆಡ್ಡು

ವಿಶ್ವಾಸ ದಾದಾ,

ಅಜ್ಜಿ ಇನ್ನೂ ಎಮ್ಮೆಯನ್ನು ಹಿಮ್ಮುಖವಾಗಿಯೇ ಹೊರಗೆ ತಳ್ಳುತ್ತಿದ್ದಾಳೆ. ಹೊಸ ಶೆಡ್ಡಿನೊಳಗೆ ಅದಕ್ಕೆ ತಿರುಗಲು ಜಾಗವಿಲ್ಲ. ನೀನು ಏಳುವ ಹೊತ್ತಿಗೆ ನಾನು ಚಿಕ್ಕೋಡಿ ಬಸ್ಸಿನಲ್ಲಿರುತ್ತೇನೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಕಾಲೇಜಿನ ಕಂಪ್ಯೂಟರಿನಲ್ಲಿ ಶೆಡ್ಡಿನ ನಕ್ಷೆ ಬಿಡಿಸುವ ಮೊದಲು ನಾನು ಎಮ್ಮೆಯನ್ನೇ ಮೂತಿಯಿಂದ ಬಾಲದವರೆಗೆ ಅಳೆದಿದ್ದೆ. ನೀನು ಬಿಸಿನೆಸ್ ಕ್ಲಾಸಿನಲ್ಲಿ ಖರ್ಚು ಇಳಿಸುವ ಪಾಠ ಕೇಳಿ ಬಂದವನು, ತಂಗಿಗೊಂದು ಮಾತೂ ಹೇಳದೆ ಶೆಡ್ಡು ಕಟ್ಟುವ ಗೌಂಡಿಗೆ "ಅಗಲ ಎರಡ ಫೂಟ ಕಡಿಮಿ ಮಾಡ್ರಿ" ಎಂದೆ. ಈಗ ಓಣಿಯವರೆಲ್ಲ "ಸ್ನೇಹಲಳ ನಕಾಶೆ ನೋಡ್ರಿ, ಎಮ್ಮಿ ರಿವರ್ಸ್ ಬರತೈತಿ" ಎಂದು ನಗುತ್ತಿದ್ದಾರೆ. ನಿನ್ನ ಹೆಸರು ಯಾರೂ ಎತ್ತುವುದಿಲ್ಲ. ತನ್ನ ಮನೆಯ ನಕ್ಷೆ ಬಿಡಿಸಿಕೊಡು ಎಂದಿದ್ದ ಸುಜಾತಾ ಕಾಕು ನಿನ್ನೆ "ಈಗ ಇರ್ಲಿ ಬಿಡ ತಂಗಿ" ಎಂದಳು. ಅದು ನನ್ನ ಮೊದಲ ಕೆಲಸವಾಗುತ್ತಿತ್ತು.

ಗೌಂಡಿ ಸತ್ತೆಪ್ಪ ಕಾಕಾ ಬಂದರೆ ಪಕ್ಕದ ಗೋಡೆ ಒಡೆಸಿ ಆ ಎರಡು ಫೂಟು ಆಚೆ ಕಟ್ಟಿಸು. ನನ್ನ ಮೂಲ ನಕ್ಷೆ ಟಿವಿಯ ಹಿಂದಿದೆ, ಅದರ ಮೇಲೆ ಪೆನ್ನು ಆಡಿಸಬೇಡ. ಎಮ್ಮೆಗೆ ಹೊರಗೇ ನೀರಿಡು, ಪಾಪ, ಗಾಬರಿಯಾಗಿದೆ. ನಿನ್ನ ಜೋಳದ ಭಕ್ರಿ ಬುಟ್ಟಿಯಲ್ಲಿದೆ. ಶೇಂಗಾ ಚಟ್ನಿ ನಿನಗೆಂದೇ ಉಳಿಸಿದ್ದೇನೆ, ಯಾಕೋ ಗೊತ್ತಿಲ್ಲ.

ಇನ್ನು ರಾತ್ರಿ ಊಟಕ್ಕೆ ಕೂತಾಗ ನೀನು ಆಡಿದ ಮಾತು. "ನಿಪ್ಪಾಣ್ಯಾಗ ಇಬ್ರೂ ಕೂಡಿ ಆಫೀಸ್ ತಗಿಯೂಣು. ನೀ ನಕಾಶೆ ತಗಿ, ನಾ ಧಂದೆ ನೋಡ್ತೀನಿ. ಬೋರ್ಡಿನ ಮ್ಯಾಲ ನಿನ್ನ ಹೆಸರ ಮೊದಲ."

ಬೇಡ. ಗೋಡೆ ಒಡೆದ ಮೇಲೂ ಬೇಡ.