ಬೆನ್ನು ಕತ್ತರಿಸಿದ ಪುಸ್ತಕಗಳು

ಮೊಂಜಿ,

ಹಳೇ ಪೇಟೆಯ ಬೈಂಡರ್ ಹತ್ತಿರ ಹೋಗ್ತಿದೀನಿ. ಟ್ಯೂನಿಸ್‌ನಲ್ಲಿ ಇನ್ನೂ ಕೈಯಲ್ಲಿ ಪುಸ್ತಕ ಹೊಲಿಯೋರು ಅವರೊಬ್ಬರೇ ನನಗೆ ಗೊತ್ತು.

ಬೆಳಿಗ್ಗೆ ಕಿಟಕಿ ಪಕ್ಕದ ಕಪಾಟಿಂದ ಅಪ್ಪ ಓದಿ ಹೇಳ್ತಿದ್ದ ನಾವಿಕರ ಕಥೆ ಪುಸ್ತಕ ಎಳೆದೆ. ಹಾಳೆಯೆಲ್ಲ ನೆಲದ ಮೇಲೆ! ಸ್ಕ್ಯಾನರ್‌ಗೆ ತೂರಿಸೋಕೆ ಅಂತ ಬೆನ್ನನ್ನೇ ಕತ್ತರಿಸಿದ್ದೀಯಲ್ಲೋ. ಆ ಸಾಲಲ್ಲಿ ಒಂದನ್ನೂ ಬಿಟ್ಟಿಲ್ಲ. "ಅಕ್ಕಾ, ಎಲ್ಲಾ ಟ್ಯಾಬ್ಲೆಟ್‌ಗೆ ಸೇರಿಸ್ತೀನಿ" ಅಂದೆ, ನಾನೂ ಹೂಂ ಅಂದೆ. ಕತ್ತರಿಸ್ತೀನಿ ಅಂತ ಯಾವಾಗ ಹೇಳಿದ್ದೆ?

ಟ್ಯಾಬ್ಲೆಟ್ ನೋಡಿದ್ರೆ ಅಲ್ಲೂ ಅಧ್ವಾನ. 'ಸ್ಕ್ಯಾನ್', 'ಹೊಸ ಸ್ಕ್ಯಾನ್', 'ಹೊಸ ಹೊಸ ಸ್ಕ್ಯಾನ್'. ಯಾವುದು ಯಾವ ಪುಸ್ತಕ ಅಂತ ಬೆಕ್ಕು ಬಂದು ಹೇಳುತ್ತಾ?

ನಾನು ಬರೋದ್ರೊಳಗೆ ಪ್ರತಿಯೊಂದಕ್ಕೂ ಪುಸ್ತಕದ ಹೆಸರು, ಬರೆದವರ ಹೆಸರು ಹಾಕಿಡು. ಅರಬ್ಬಿಯದು ಬೇರೆ, ಫ್ರೆಂಚಿನದು ಬೇರೆ. ನಿನ್ನ ಲ್ಯಾಪ್‌ಟಾಪಲ್ಲೂ ಒಂದೊಂದು ಪ್ರತಿ ಇರಲಿ. ನನ್ನ ಕೋಣೆಯ ಕಪಾಟಿಗೆ ಕೈ ಹಾಕಿದ್ಯೋ, ಈ ಮನೇಲಿ ನಿನಗೆ ಊಟ ಇಲ್ಲ.

ಇವತ್ತಿಗೆ ಶಕ್ಷೂಕದ ಟೊಮೆಟೊ ಗೊಜ್ಜು ಒಲೆ ಮೇಲಿದೆ. ಮೊಟ್ಟೆ ನೀನೇ ಒಡೆದು ಹಾಕ್ಕೋ.

ನನ್ನ ಕಣ್ಣಿಗೋಸ್ಕರ ಮಾಡಿದ್ದು ಅಂತ ಗೊತ್ತು ಕಣೋ. ಹಾಳೆ ಆಯ್ದಿಟ್ಟು, ಟ್ಯಾಬ್ಲೆಟ್‌ನಲ್ಲಿ ಅಕ್ಷರ ದೊಡ್ಡದು ಮಾಡ್ಕೊಂಡು ಕೂತೆ. ಎಷ್ಟೋ ಕಾಲದ ಮೇಲೆ ಒಂದು ಕಥೆ ಪೂರ್ತಿ ನಾನೇ ಓದಿದೆ, ಯಾರನ್ನೂ ಕರೀದೆ. ಅಳು ಬಂತು. ಆಮೇಲೆ ನೆಲದ ಮೇಲೆ ಉದುರಿದ್ದ ಕಾಗದದ ಚೂರು ನೋಡಿ ಮತ್ತೆ ಸಿಟ್ಟು ಬಂತು. ಒಂದು ಮಾತು ಕೇಳಿದ್ರೆ ನಾನು ಬೇಡ ಅಂತಿದ್ನಾ?

ನನ್ನ ಕೋಣೆಯ ಪುಸ್ತಕಗಳನ್ನ ಭಾನುವಾರ ಮೇಜಿನ ಮೇಲಿಟ್ಟು, ಕತ್ತರಿಸದೆ, ಇಬ್ರೂ ಸೇರಿ ಮಾಡೋಣ. ಪುಟ ನಾನು ಮಗುಚ್ತೀನಿ, ಫೋಟೋ ನೀನು ತೆಗಿ.

ನಜೀಹಾ