ಬಾಗಿಲ ಹಿಂದಿನ ಚೀಲಗಳು

ಅತ್ತೆಯವರಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ; ಕಾಲೊರಸು ಮಾತ್ರ ಇನ್ನೂ ಒದ್ದೆ. ಕಳೆದ ವಾರ ನಮ್ಮ ರಸ್ತೆಗೆ ನೀರು ನುಗ್ಗಿ ಎರಡು ದಿನ ಕರೆಂಟ್ ಇರಲಿಲ್ಲ. ಗಾಬರಿಯಾಗಬೇಡಿ, ನೀರು ಮೆಟ್ಟಿಲು ದಾಟಲಿಲ್ಲ.

ನೀವು ಮುನಿಸಿಕೊಂಡು ಭಾವನವರ ಮನೆಗೆ ಹೋಗಲು ಕಾರಣವಾದ, ಆಪತ್ತಿಗಿರಲೆಂದು ನಾನು ತುಂಬಿಟ್ಟ ಆ ಚೀಲಗಳು ಕೊನೆಗೂ ಬಾಗಿಲ ಹಿಂದಿನ ಮೊಳೆಯಿಂದ ಇಳಿದವು. "ಅಗ್ಗ ಅಂತ ಅಂಗಡಿನೇ ಹೊತ್ಕೊಂಡ್ ಬಂದು ಮನೆನ ಗೋದಾಮು ಮಾಡ್ಬಿಟ್ಟೆ. ನನಗ್ಯಾವ ಚೀಲಾನೂ ಬೇಡ" ಎಂದಿದ್ದಿರಲ್ಲ, ಅವೇ. "ಬೆಂಕಿ ಬಿದ್ಮೇಲೆ ಬಾವಿ ತೋಡೋಕಾಗುತ್ತಾ?" ಎಂದು ನಾನೂ ಎದುರುತ್ತರ ಕೊಟ್ಟಿದ್ದೆ.

ನೀರಿನ ಬಾಟಲಿ, ಬಿಸ್ಕತ್ತು, ಮೇಣದಬತ್ತಿ ಎಲ್ಲ ಇದ್ದವು. ಟಾರ್ಚು ಅಗ್ಗದ ಬುದ್ಧಿ ತೋರಿಸಿ ಹತ್ತೇ ನಿಮಿಷಕ್ಕೆ ಕಣ್ಣು ಮುಚ್ಚಿತು. ಬತ್ತಿ ಹಚ್ಚೋಣವೆಂದರೆ ನಾನು ಬೆಂಕಿಪೊಟ್ಟಣವನ್ನೇ ತಂದಿರಲಿಲ್ಲ. ನಮ್ಮದು ಕರೆಂಟ್ ಒಲೆ, ಅಡುಗೆಮನೆಯಲ್ಲೂ ಇಲ್ಲ. ನಿಮ್ಮ ಮಗ ಕತ್ತಲಲ್ಲೇ ನಗಲು ಶುರುಮಾಡಿದರು.

ಆಗ ನನ್ನ ಚೀಲದ ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಬೆಂಕಿಪೊಟ್ಟಣ ಕೈಗೆ ಸಿಕ್ಕಿತು. ಅದಕ್ಕೆ ಹಳೆಯ ಸೀರೆಯ ಅಂಚು ಕಟ್ಟಿ, ಗಂಟಿನ ಮೇಲೆ ಗಂಟು ಹಾಕಲಾಗಿತ್ತು. ಹಲ್ಲಿನಿಂದಲೇ ಬಿಚ್ಚಬೇಕಾದಂಥ ಗಂಟು ಹಾಕುವವರು ಈ ಮನೆಯಲ್ಲಿ ಒಬ್ಬರೇ. ಯಾರೆಂದು ನಾನು ಕೇಳುವುದಿಲ್ಲ, ನೀವೂ ಹೇಳಬೇಡಿ.

ಈಗ ಹೊಸ ಮೊಳೆ ಹೊಡೆದು ಇನ್ನೊಂದು ಚೀಲ ನೇತುಹಾಕಿದ್ದೇನೆ. ನಿಮ್ಮ ಹಳೆಯ ಕನ್ನಡಕ, ಮಂಡಿನೋವಿನ ಮುಲಾಮು ಅದರೊಳಗೆ ಸೇರಿವೆ. ಒಂದು ಜೊತೆ ಚಪ್ಪಲಿಯನ್ನೂ ಇಡಬೇಕು, ಅಳತೆ ಮಾತ್ರ ಗೊತ್ತಿಲ್ಲ. ಬರೆದು ಕಳಿಸುವ ಬದಲು ಕಾಲುಗಳನ್ನೇ ಕರೆದುಕೊಂಡು ಬನ್ನಿ. ಚೀಲದ ಬಾಯಿ ಇನ್ನೂ ಕಟ್ಟಿಲ್ಲ. ಗಂಟು ನೀವೇ ಹಾಕಬೇಕು.

ಇಂತಿ,
ನಿಮ್ಮ ಗೋದಾಮಿನ ಸೊಸೆ