ಹೇಳಿ ಬಂದವರಿಗೆ ಕಾಣದ ನೀಲಿ ಡ್ರಮ್ಮು

ಮಾಮಾ,

ನೀನು ಇರುವವರೆಗೂ ನಿನಗೊಂದು ವಿಷಯ ಹೇಳಲಿಲ್ಲ. ನಾನು ಶಾಲೆ ಬಿಟ್ಟದ್ದು ಗಣಿತಕ್ಕೆ ಹೆದರಿ ಅಲ್ಲ. ಎಂಟನೆಯ ತರಗತಿಯಲ್ಲಿದ್ದಾಗ, ತಪಾಸಣೆಗೆ ಸಾಹೇಬರು ಬರುತ್ತಾರೆಂದು ಗೋಡೆಗೆಲ್ಲ ಸುಣ್ಣ ಬಳಿದರು. ಬಂದ ದಿನ ನಮ್ಮಂಥ ಆರೇಳು ದಡ್ಡರನ್ನು ಹಿಂದಿನ ಪಂಪಿನ ಕೋಣೆಯಲ್ಲಿ ಕೂರಿಸಿ, ನಮ್ಮ ಬೆಂಚಿಗೆ ಹತ್ತನೆಯ ತರಗತಿಯ ಜಾಣರನ್ನು ತಂದರು. ಕೇಳಿದ್ದಕ್ಕೆಲ್ಲ ಉತ್ತರ ಬಂತಂತೆ. ಚಪ್ಪಾಳೆ ನಮಗೂ ಕೇಳಿಸಿತು. ಮರುದಿನದಿಂದ ನಾನು ಹೋಗಲಿಲ್ಲ. "ಯಾಕವಾ, ಮಾಸ್ತರ್ ಹೊಡದ್ರೇನು?" ಎಂದು ನೀನು ಕೇಳಿದಾಗ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಹೇಳಿದ್ದರೆ ನೀನು ಅಲ್ಲಿಗೆ ಹೋಗಿ... ಬಿಡು.

ಅಕ್ಕನಿಗೆ ಮುದ್ದೇಬಿಹಾಳದ ಸಂಬಂಧ ಬಂದಾಗಿನದು ನೆನಪಿದೆಯೇ? ಗಂಡಿನ ಮನೆ ನೋಡಲು ಸೋಮವಾರ ಬರುತ್ತೇವೆಂದು ನಮ್ಮ ಹಿರಿಯರು ಹೇಳಿ ಕಳಿಸಿದ್ದರು. ನೀನು ಶನಿವಾರವೇ ಒಬ್ಬನೇ ಹೋಗಿ, ದಾರಿಹೋಕನಂತೆ ಅವರ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದು ಬಂದಿದ್ದೆ. ಸೋಮವಾರ ಎಲ್ಲರ ಜೊತೆ ಮತ್ತೆ ಹೋಗಿ, ಹೋಳಿಗೆ ಉಂಡು, ಕೈ ತೊಳೆದು, ಶನಿವಾರ ಬರಿದಾಗಿದ್ದ ಗೋದಲಿಯ ಮುಂದೆ ನಿಂತು ಕೇಳಿದೆಯಂತೆ: "ಎಮ್ಮಿ ಹೊಸಾದೇನ್ರಿ? ಪಾಪ, ಬಾಜೂ ಮನಿ ಕಡೆ ಮಾರಿ ಮಾಡಿ ಒಂದ ಸಮನ ಒದರಾಕತ್ತೈತಿ." ಸಂಬಂಧ ಅಲ್ಲಿಗೇ ಮುರಿಯಿತು. ಅವ್ವ ಎಷ್ಟೋ ದಿನ ನಿನ್ನ ಜೊತೆ ಮಾತು ಬಿಟ್ಟಳು. ನೀನು ಅಂದದ್ದು ಇಷ್ಟೇ: "ಹೇಳಿ ಹೋದವ್ರಿಗೆ ಊಟ ಸಿಗತೈತಿ. ಹೇಳಲಾರದ ಹೋದವ್ರಿಗೆ ಮನಿ ಕಾಣತೈತಿ."

ನೀನು ತೀರಿಕೊಂಡ ವರ್ಷವೇ ನಾನು ಇಂಡಿಯಲ್ಲಿ ಲಿಂಬೆ ಉಪ್ಪಿನಕಾಯಿಯ ಕಾರ್ಖಾನೆ ಸೇರಿದೆ. ಮೊದಲ ದಿನ ಕೈಗೆ ತೆಂಗಿನ ನಾರು ಕೊಟ್ಟು ನೀಲಿ ಡ್ರಮ್ಮು ತಿಕ್ಕಲು ಹಚ್ಚಿದರು. ಹೆಚ್ಚಿದ ಲಿಂಬೆಯನ್ನು ಉಪ್ಪಿನಲ್ಲಿ ನೆನೆಹಾಕುವ ಡ್ರಮ್ಮುಗಳು. ಯಾವುದೋ ಬಣ್ಣದ ಫ್ಯಾಕ್ಟರಿಯ ರಾಸಾಯನಿಕ ತುಂಬಿಕೊಂಡು ಬಂದು, ಖಾಲಿಯಾಗಿ ಗುಜರಿ ಸೇರಿ, ಅಲ್ಲಿಂದ ನಮ್ಮಲ್ಲಿಗೆ ಇಳಿದಿದ್ದವು. ಚೀಟಿ ಕೆರೆದರೂ ಡ್ರಮ್ಮಿನ ಮೇಲೆ ಅಚ್ಚಾದ ವಿಷದ ತಲೆಬುರುಡೆಯ ಗುರುತು ಹೋಗುತ್ತಿರಲಿಲ್ಲ. ಎಷ್ಟು ತಿಕ್ಕಿದರೂ, ಮುಚ್ಚಳ ತೆಗೆದರೆ ಮೂಗು ಉರಿಯುತ್ತಿತ್ತು. ಪಕ್ಕದಲ್ಲಿ ಕಾಯಿ ಹೆಚ್ಚುತ್ತಿದ್ದ ಶಹನಾಜ್ ಆಪಾ, "ನೀ ತಿಕ್ಕು, ನೋಡಬ್ಯಾಡ. ನೋಡೂದಕ್ಕ ಇಲ್ಲಿ ಪಗಾರ ಇಲ್ಲ" ಎಂದಳು. ಹುಳಿಯೂ ಉಪ್ಪೂ ಕೂಡಿ ಅದರೊಳಗೆ ತಿಂಗಳುಗಟ್ಟಲೆ ಕೂತರೆ, ಪ್ಲಾಸ್ಟಿಕ್ಕು ಕುಡಿದದ್ದು ಕಾಯಿಗೆ ಬರದೆ ಎಲ್ಲಿಗೆ ಹೋಗುತ್ತದೆ?

ನಮ್ಮ ಉಪ್ಪಿನಕಾಯಿ ಕೊಳ್ಳುವ ಅಮೆರಿಕದ ವ್ಯಾಪಾರಿಯ ಮನುಷ್ಯ ಬರುತ್ತಾನೆಂದು ಕಾರ್ಖಾನೆಯ ಸಾವುಕಾರ ಸಾರಿದ ದಿನ ನೀನು ಇರಬೇಕಿತ್ತು. ಅಲ್ಲಿಯ ಕಾನೂನು ಹೀಗಂತೆ: ಹೊರದೇಶದಿಂದ ತಿನ್ನುವ ಪದಾರ್ಥ ತರಿಸುವವನೇ, ಅದನ್ನು ಮಾಡುವವರಲ್ಲಿ ಏನೇನು ಅಪಾಯವಿದೆಯೆಂದು ಪರೀಕ್ಷಿಸಿ ಖಾತ್ರಿ ಮಾಡಿಕೊಳ್ಳಬೇಕು. ಒಳ್ಳೆಯ ಕಾನೂನೇ. ಆದರೆ ಆ ವ್ಯಾಪಾರಿ ಬರುವುದಿಲ್ಲ, ಹಣ ಕೊಟ್ಟು ಒಬ್ಬನನ್ನು ಕಳಿಸುತ್ತಾನೆ. ಆ ಒಬ್ಬ ತಾನು ಬರುವ ದಿನವನ್ನು ಮೊದಲೇ ಮೇಲ್ ಮಾಡುತ್ತಾನೆ. ಲ್ಯಾಬಿಗೆ ಹೋಗುವ ಮಾದರಿ ಬಾಟಲಿಯನ್ನು ಸಾವುಕಾರನೇ ಕೊಡುತ್ತಾನೆ, ಅದನ್ನು ಅವನ ಹೆಂಡತಿ ಮನೆಯಲ್ಲಿ ಗಾಜಿನ ಭರಣಿಯಲ್ಲಿ ಹಾಕಿರುತ್ತಾಳೆ. ಮಾರುವವನೇ ಆರಿಸಿಕೊಟ್ಟದ್ದನ್ನು ಪರೀಕ್ಷಿಸಿ, ಮಾರುವವನು ಒಳ್ಳೆಯವನೆಂದು ತೀರ್ಮಾನಿಸುವುದು. ಸಮುದ್ರದಾಚೆಯ ಬುದ್ಧಿ ಇಷ್ಟು.

ಟ್ರ್ಯಾಕ್ಟರ್ ಬಂದದ್ದು ಅವನು ಬರುವ ಹಿಂದಿನ ದಿನ. ನೀಲಿ ಡ್ರಮ್ಮುಗಳು ತುಂಬಿದ ಲಿಂಬೆಯ ಸಮೇತ ಸಾಲೋಟಗಿ ಕಡೆಯ ಕಬ್ಬಿನ ಹೊಲಕ್ಕೆ ಹೋದವು. ಸಿಂದಗಿಯ ಹಾಲಿನ ವ್ಯಾಪಾರಿಯಿಂದ ಬಿಳಿ ಡ್ರಮ್ಮುಗಳು ಎರವಲು ಬಂದವು. ನಮ್ಮ ತಲೆಗೆಲ್ಲ ಪ್ಲಾಸ್ಟಿಕ್ ಟೊಪ್ಪಿಗೆ. "ಮದಲಗಿತ್ತಿಗೆ ಹೂವಿನ ದಂಡಿ ಕಟ್ಟಿದಾಂಗ ಆತಲ್ಲ" ಎಂದು ಶಹನಾಜ್ ಆಪಾ ನಕ್ಕಳು. ನನಗೆ ನಗು ಬರಲಿಲ್ಲ. ಹೊಲದೊಳಗೆ ಅಡಗಿಸಿದ ಡ್ರಮ್ಮಿಗೂ ಪಂಪಿನ ಕೋಣೆಯ ನನಗೂ...

ಆ ಮನುಷ್ಯ ಬೆಂಗಳೂರಿನವನು. ಬೂಟಿಗೆ ನೀಲಿ ಚೀಲ ಕಟ್ಟಿಕೊಂಡು, ಲ್ಯಾಪ್‌ಟಾಪ್ ಎದೆಗವಚಿಕೊಂಡು ತಿರುಗಿದ. "ಈ ಕಾಯಿ ಉಪ್ಪಿಗೆ ಹಾಕಿ ಎಷ್ಟು ದಿನ ಆಯ್ತು?" ಎಂದ. "ತಿಂಗಳಾತ್ರಿ ಸರ" ಎಂದ ಸಾವುಕಾರ. ಆ ಬೆಳಿಗ್ಗೆಯಷ್ಟೇ ಹಾಕಿದ ಕಾಯಿ ಗಿಡದಲ್ಲಿದ್ದಷ್ಟೇ ಹಳದಿಯಾಗಿತ್ತು. ಆ ಮನುಷ್ಯ ತಿಂಗಳು ಎಂದೇ ಬರೆದುಕೊಂಡ. ಆಮೇಲೆ ಶೇಂಗಾ ಹೋಳಿಗೆ, ತುಪ್ಪ. ಕೆಲಸದವರೊಬ್ಬರನ್ನು ಮಾತಾಡಿಸಬೇಕೆಂಬ ನಿಯಮವಿತ್ತಂತೆ, ಪೆನ್ನು ನನ್ನ ಕಡೆ ತೋರಿಸಿದ. ಸಾವುಕಾರ ನನ್ನ ಭುಜದ ಹಿಂದೆಯೇ ನಿಂತ.

"ಇಲ್ಲಿ ಎಲ್ಲಾ ಕ್ಲೀನಾಗಿರುತ್ತಾಮ್ಮ?"

"ಭಾಳ ಚಂದ ಐತ್ರಿ ಸರ. ನಾಳಿ ಬರ್ರಿ, ಹೇಳಲಾರದ ಬರ್ರಿ. ಇನ್ನೂ ಚಂದ ಕಾಣತೈತಿ."

"ಹುಚ್ಚ ಹುಡಗಿ ಸರ" ಎಂದು ಸಾವುಕಾರ ನಕ್ಕ. "ಹೋಳಿಗಿ ಉಳದಾವ, ನಾಳಿನೂ ಊಟಕ್ಕ ಕರೀಲಾಕತ್ತಾಳ." ಆ ಮನುಷ್ಯನೂ ನಕ್ಕು ಕಾರು ಹತ್ತಿದ. ಇವನೂ ಚಪ್ಪಾಳೆ ತಟ್ಟುವ ಜಾತಿಯೇ ಎಂದುಕೊಂಡು ನಾನು ಟೊಪ್ಪಿಗೆ ತೆಗೆದು ಎಸೆದೆ.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರಿನಿಂದ ನೀಲಿ ಡ್ರಮ್ಮು ಇಳಿಸುತ್ತಿದ್ದಾಗ ಗೇಟಿನಲ್ಲಿ ಅದೇ ಕಾರು. ಅವನ ವಿಷಯದಲ್ಲಿ ನನ್ನ ಎಣಿಕೆ ತಪ್ಪಿತ್ತು, ಒಪ್ಪುತ್ತೇನೆ. ತಲೆಬುರುಡೆಯ ಗುರುತಿನ ಮೇಲೆ ಬೆರಳಾಡಿಸಿದ, ಮುಚ್ಚಳ ತೆಗೆದು ಮುಖ ಹಿಂದಕ್ಕೆಳೆದುಕೊಂಡ. "ಅವು ಕೈ ತೊಳಿಯೂ ನೀರಿಗೆ ಸರ" ಎಂದ ಸಾವುಕಾರ. "ಹೌದ್ರಿ, ಲಿಂಬಿ ಹಾಕಿದ್ರ ಕೈ ಛಲೋ ಸ್ವಚ್ಛ ಆಕ್ಕಾವ" ಎಂದು ಶಹನಾಜ್ ಆಪಾ ತನ್ನ ಈಳಿಗೆಗೆ ಹೇಳಿಕೊಂಡಳು. ಆ ಮನುಷ್ಯ ಎದುರಿಗೇ ನಿಂತು ಆ ಲಿಂಬೆಯನ್ನೆಲ್ಲ ಗುಂಡಿ ತೋಡಿಸಿ ಹೂಳಿಸಿದ. ಹೊಸ ಡ್ರಮ್ಮು ತಂದರೆ ಮಾತ್ರ ಒಪ್ಪಿಗೆ ಎಂದ. ಸಾವುಕಾರ ತಂದ, ಒಪ್ಪಿಗೆಯೂ ಬಂತು. ನನ್ನನ್ನು ಕರೆದು, "ನಿನ್ನ ಬಾಯಿ ನಿನ್ನ ಮನ್ಯಾಗ ಇಟಗೊ" ಎಂದ. ಅಲ್ಲಿಗೆ ನನ್ನ ಕೆಲಸ ಮುಗಿಯಿತು.

ಮೊನ್ನೆ ಶಹನಾಜ್ ಆಪಾ ಸಂತೆಯಲ್ಲಿ ಸಿಕ್ಕಾಗ, ಆ ನೀಲಿ ಡ್ರಮ್ಮು ಏನಾದವು ಎಂದು ಕೇಳಿದೆ. ಸಾವುಕಾರ ಮಾರಿದನಂತೆ, ಬಸವನ ಬಾಗೇವಾಡಿಯ ಒಬ್ಬನಿಗೆ. ಅವನು ಸುತ್ತಲಿನ ಖಾನಾವಳಿಗಳಿಗೆ ಉಪ್ಪಿನಕಾಯಿ ಹಾಕಿ ಕೊಡುತ್ತಾನೆ. ತಿಕ್ಕಿದವಳು ನಾನೇ ಅಲ್ಲವೇ, ಬೆಂಗಳೂರಿನ ಆ ಮನುಷ್ಯ ಅಂದು ಬಿಟ್ಟುಹೋದ ನಂಬರಿಗೆ ಫೋನ್ ಮಾಡಿದೆ. "ಅದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ" ಎಂದ, ಬಹಳ ಮೆತ್ತಗೆ. "ಅಮೆರಿಕಕ್ಕೆ ಹೋಗೋ ಮಾಲು ಅಷ್ಟೇ ನಾವು ನೋಡೋದು." ನೋಡಿದೆಯಾ ಮಾಮಾ? ಅವರ ನಾಲಿಗೆಗೆ ಕಾನೂನಿದೆ, ಕಾರಿದೆ, ಲ್ಯಾಬಿದೆ. ನಮ್ಮ ರೊಟ್ಟಿಯ ಪಕ್ಕದ ಹೋಳು ಯಾವ ವ್ಯಾಪ್ತಿಗೆ ಬರುತ್ತದೆ? ಹೂಳಬೇಕಾದದ್ದು ಲಿಂಬೆಯೋ, ಡ್ರಮ್ಮೋ?

"ಅಮೆರಿಕಾದವ್ರನ್ನ ಉಳಿಸಿ ಪಗಾರ ಕಳಕೊಂಡಿ. ಇನ್ನ ಬಾಗೇವಾಡಿ ಉಸಾಬರಿ ಬ್ಯಾರೆ ಬೇಕೇನ?" ಎಂದು ಅವ್ವ ಗೊಣಗುತ್ತಾಳೆ. ನಿನ್ನ ಹಾಗೆಯೇ ಆಗಿದ್ದೇನಂತೆ. ಅವಳು ಬೈಗುಳವಾಗಿ ಹೇಳುತ್ತಾಳೆ.

ಆಹಾರ ಇಲಾಖೆಗೆ ದೂರು ಕೊಡಬೇಕು, ಕೊಡುತ್ತೇನೆ. ಅವರೂ ಹೇಳಿ ಬರುವವರೇ ಆದರೆ... ಅದಕ್ಕೇ ಮೊದಲು ನಾನೇ ನೋಡಬೇಕು. ಆ ಬಾಗೇವಾಡಿಯವನ ಕಟ್ಟೆಯ ಮೇಲೆ ಕೂತು ಕುಡಿಯಲು ನೀರು ಕೇಳುತ್ತೇನೆ. ಬರುತ್ತೇನೆಂದು ಅವನಿಗೆ ಹೇಳಿಲ್ಲ, ಹೋಗುತ್ತೇನೆಂದು ಅವ್ವನಿಗೂ ಹೇಳಿಲ್ಲ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಬಾಗೇವಾಡಿಗೆ ಹೋಗುತ್ತಿದ್ದೇನೆ.